ಮೀನಿನ ಫೀಡಿಗೆ ಬೆಳ್ಳುಳ್ಳಿ, ಅರಿಶಿನ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಕೊಳದಲ್ಲಿ ರೋಹು, ಕಾಟ್ಲಾ ಬಿಟ್ಟಿದೀನಿ. ಕೆಲವು ಮೀನಿಗೆ ಬಾಲದ ತುದಿ ಕೊಳೀತಾ ಇದೆ, ಮೈಮೇಲೆ ಕೆಂಪು ಕಲೆ, ಎರಡು ದಿನದಿಂದ ಫೀಡ್ ಹತ್ರಾನೂ ಬರ್ತಿಲ್ಲ. ಆಂಟಿಬಯೋಟಿಕ್ ಹಾಕೋಕೆ ಮನಸ್ಸಿಲ್ಲ. ಫೀಡಲ್ಲಿ ಬೆಳ್ಳುಳ್ಳಿ ಬೆರೆಸಿ ಕೊಟ್ರೆ ವಾಸಿ ಆಗುತ್ತಂತೆ, ಎಷ್ಟು ಹಾಕ್ಬೇಕು?

ಉತ್ತರ: ಮೀನು ಫೀಡೇ ತಿಂತಿಲ್ಲ ಅಂದ್ಮೇಲೆ ಅದ್ರಲ್ಲಿ ಏನು ಬೆರೆಸಿದ್ರೂ ಹೊಟ್ಟೆಗೆ ಹೋಗೋದು ಹೇಗೆ ಹೇಳಿ? ತಿನ್ನದೆ ಉಳಿದಿದ್ದು ತಳಕ್ಕೆ ಕೂತು ಕೊಳೆತು ಅಮೋನಿಯಾ ಏರುತ್ತೆ, ಕಾಯಿಲೆ ಇನ್ನೂ ಜೋರಾಗುತ್ತೆ. ಸದ್ಯಕ್ಕೆ ಬೆಳ್ಳುಳ್ಳಿ ಪಕ್ಕಕ್ಕಿಡಿ, ಫೀಡ್ ನಿಲ್ಸಿ ಇಲ್ಲಾ ತುಂಬಾ ಕಮ್ಮಿ ಮಾಡಿ, ಸೂರ್ಯ ಹುಟ್ಟೋಕೆ ಮುಂಚೆ ನೀರಿನ ಆಕ್ಸಿಜನ್ ಚೆಕ್ ಮಾಡಿ, ರಾತ್ರಿಯೆಲ್ಲಾ ಪಾಚಿನೂ ಆಕ್ಸಿಜನ್ ಎಳ್ಕೊಳ್ಳೋದ್ರಿಂದ ಆ ಹೊತ್ತಲ್ಲೇ ಅದು ಅತೀ ಕಮ್ಮಿ ಇರೋದು, ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿದ್ರೆ ತಕ್ಷಣ ನೀರಿಗೆ ಗಾಳಿ ಬೆರೆಸೋ ಏರೇಟರ್ ಹಾಕಿ. ನೀವು ಹೇಳೋ ಲಕ್ಷಣ ಏರೋಮೊನಾಸ್ ಬ್ಯಾಕ್ಟೀರಿಯಾದ್ದಿರಬಹುದು, ಆದ್ರೆ ಲಕ್ಷಣ ಒಂದನ್ನೇ ನೋಡಿ ಖಚಿತವಾಗಿ ಹೇಳೋಕಾಗಲ್ಲ. ಕಾಯಿಲೆ ಬಿದ್ದು ಇನ್ನೂ ಜೀವ ಇರೋ ಒಂದೆರಡು ಮೀನನ್ನ ಮೀನು ರೋಗ ತಜ್ಞರಿಗೆ ತೋರಿಸಿ. ಸತ್ತು ಊದಿಕೊಂಡಿರೋದು ಪರೀಕ್ಷೆಗೆ ಬರಲ್ಲ.

ಬೆಳ್ಳುಳ್ಳಿ ಕೆಲ್ಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ರೋಹು ಮರಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆಳ್ಳುಳ್ಳಿ ತಿಂದ ಮರಿಗಳು ಇದೇ ಏರೋಮೊನಾಸ್ ಸೋಂಕನ್ನ ಬೇರೆಯವಕ್ಕಿಂತ ಚೆನ್ನಾಗಿ ತಡ್ಕೊಂಡ್ವು. ಆದ್ರೆ ಗಮನಿಸಿ, ಅಲ್ಲಿ ಬೆಳ್ಳುಳ್ಳಿ ಕೊಟ್ಟಿದ್ದು ಸೋಂಕು ಬರೋಕೆ ಮುಂಚೆ. ಗಿಡಮೂಲಿಕೆಯ ಜಾಗ ಅದೇ, ಚೆನ್ನಾಗಿ ತಿಂತಿರೋ ಮೀನಿಗೆ ರೋಗ ತಡೆಯೋ ಶಕ್ತಿ ಕೊಡೋದು. ತಜ್ಞರು ಪರೀಕ್ಷೆ ಮಾಡಿ ಔಷಧಿ ಬೇಕೇ ಬೇಕು ಅಂದ್ರೆ, ಹರ್ಬಲ್ ಮೇಲಿನ ಪ್ರೀತಿಗೆ ಮೀನು ಕಳ್ಕೋಬೇಡಿ, ದಯವಿಟ್ಟು.

ಪ್ರಶ್ನೆ: ನಾನೇ ಪೆಲೆಟ್ (ಫೀಡಿನ ಗುಳಿಗೆ) ಮಾಡ್ಕೋತೀನಿ. ಬೆಳ್ಳುಳ್ಳಿ ಪೇಸ್ಟನ್ನ ಹಿಟ್ಟಿನ ಜೊತೆಗೇ ಕಲಸಿ ಮೆಷಿನ್‌ಗೆ ಹಾಕ್ಬೋದಾ?

ಉತ್ತರ: ಬೇಡ. ಬೆಳ್ಳುಳ್ಳಿಯ ಶಕ್ತಿ ಇರೋದು ಅಲಿಸಿನ್‌ನಲ್ಲಿ, ಅದು ಎಸಳಲ್ಲಿ ಮೊದ್ಲೇ ಇರಲ್ಲ, ಜಜ್ಜಿದಾಗ ಒಳಗಿರೋ ಎಂಜೈಮ್ ಕೆಲ್ಸ ಮಾಡಿ ಹುಟ್ಟುತ್ತೆ, ಮೆಷಿನ್‌ನ ಬಿಸಿಗೆ ಆ ಎಂಜೈಮೂ ಹಾಳು, ಅಲಿಸಿನ್ನೂ ಹಾಳು. ಹೀಗ್ಮಾಡಿ: ಎಸಳು ಜಜ್ಜಿ ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಸ್ವಲ್ಪ ನೀರಲ್ಲಿ ಕಲಸಿ, ಪೂರ್ತಿ ಆರಿದ ಪೆಲೆಟ್ ಮೇಲೆ ಚಿಮುಕಿಸಿ ಕೈಯಲ್ಲೇ ತಿರುವಿ, ಪೆಲೆಟ್ ಮೆತ್ತಗಾಗಿ ಒಡೆಯೋಷ್ಟು ನೀರು ಬೇಡ. ತೇವ ಹೀರಿದ ಮೇಲೆ ಕೆಜಿಗೆ 20 ಎಂಎಲ್‌ನಷ್ಟು ಎಣ್ಣೆ ಸವರಿ ನೆರಳಲ್ಲಿ ಆರಿಸಿ, ಈ ಎಣ್ಣೆ ಪದರ ಇಲ್ದಿದ್ರೆ ನೀವು ಹಾಕಿದ್ದೆಲ್ಲಾ ಮೀನಿನ ಬಾಯಿಗೆ ಸೇರೋ ಮುಂಚೆ ಕೊಳದ ನೀರಿಗೆ ಬಿಟ್ಕೊಳ್ಳುತ್ತೆ. ಅರಿಶಿನ ಆದ್ರೆ ನೇರ ಎಣ್ಣೆಲೇ ಕಲಸಿ, ಅದರ ಸತ್ವ ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ. ಒಣ ಬೆಳ್ಳುಳ್ಳಿ ಪುಡಿ ಆದ್ರೆ ಕೆಜಿ ಫೀಡಿಗೆ 5ರಿಂದ 10 ಗ್ರಾಂ, ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸೋ ಅಳತೆ ಇದು. ಹಸಿ ಬೆಳ್ಳುಳ್ಳಿಲಿ ನೀರೇ ಜಾಸ್ತಿ ಇರೋದ್ರಿಂದ ತೂಕ ಎರಡೂವರೆ ಪಟ್ಟು ತಗೊಳ್ಳಿ. ಅವತ್ತು ಬೇಕಾದಷ್ಟು ಮಾತ್ರ ಬೆರೆಸಿ, ತೇವ ಉಳಿದ ಫೀಡಲ್ಲಿ ಬೂಷ್ಟು ಬಂದು ಅದರ ವಿಷ ಅಫ್ಲಾಟಾಕ್ಸಿನ್ ಸೇರಿದ್ರೆ ಮೀನಿನ ಲಿವರ್‌ಗೇ ಪೆಟ್ಟು.

ಪ್ರಶ್ನೆ: ಹರ್ಬಲ್ ಅಂದ್ಮೇಲೆ ಸೈಡ್ ಎಫೆಕ್ಟ್ ಇರಲ್ಲ ಅಲ್ವಾ? ವರ್ಷಪೂರ್ತಿ ಕೊಡ್ಬೋದಾ?

ಉತ್ತರ: ಈ ನಂಬಿಕೆ ಬಗ್ಗೆ ನನಗೆ ನಿಜವಾಗ್ಲೂ ಆತಂಕ ಇದೆ. ಮರಿ ಬಿಡೋ ಮುಂಚೆ ಕೊಳದಲ್ಲಿರೋ ಬೇಡದ ಮೀನು ಸಾಯಿಸೋಕೆ ಹಾಕೋದು ಹಿಪ್ಪೆ ಹಿಂಡಿ, ಅದೂ ಗಿಡದ್ದೇ, ಅದರ ಸಪೋನಿನ್ ಮೀನಿನ ರಕ್ತಕಣಾನೇ ಒಡೆಯುತ್ತೆ. ಮೀನಿಗೆ ಪ್ರಜ್ಞೆ ತಪ್ಪಿಸೋಕೆ ಬಳಸೋದು ಲವಂಗದ ಎಣ್ಣೆ. ಬೇವಿನ ಸಾರವೂ ಅಳತೆ ಮೀರಿದ್ರೆ ಮೀನಿಗೆ ವಿಷಾನೇ. ಸೊಪ್ಪು, ತೊಗಟೆಯ ಒಗರಿನ ಅಂಶ ಟ್ಯಾನಿನ್ ಜಾಸ್ತಿ ಆದ್ರೆ ತಿಂದ ಪ್ರೋಟೀನ್ ಮೈಗೆ ಹತ್ತಲ್ಲ, ಬೆಳವಣಿಗೆ ಕುಂಠಿತ. ವರ್ಷಪೂರ್ತಿ ಬೇಡ, ಒಂದೇ ಸಮ ಕೊಡ್ತಾ ಹೋದ್ರೆ ಮೊದಲಿನ ಪರಿಣಾಮ ಉಳಿಯದೇ ಹೋಗ್ಬೋದು. ಹವಾಮಾನ ಬದಲಾಗೋ ಮುಂಚೆ, ಮರಿ ಸಾಗಿಸೋ ಮುಂಚೆ, ಹೀಗೆ ಮೀನಿಗೆ ಸುಸ್ತಾಗೋ ಸಮಯ ನೋಡ್ಕೊಂಡು ಎರಡು ಮೂರು ವಾರ ಕೊಟ್ಟು ನಿಲ್ಸಿ.

ಬಾಟಲಿಯಲ್ಲಿ ಬರೋ ಗಿಡದ ಸಾರ, ಅಂದ್ರೆ ಎಕ್ಸ್‌ಟ್ರಾಕ್ಟ್ ಆದ್ರೆ ಪುಡಿಯ ಲೆಕ್ಕ ಹಾಕ್ಬೇಡಿ, ಅದು ಎಷ್ಟೋ ಪಟ್ಟು ಗಾಢ ಇರ್ಬೋದು. ಯಾವ ಗಿಡ, ಯಾವ ಭಾಗ, ಕೆಲ್ಸ ಮಾಡೋ ಅಂಶ ಎಷ್ಟು ಪರ್ಸೆಂಟ್ ಅಂತ ಲೇಬಲ್ ಮೇಲೆ ಇಲ್ದಿದ್ರೆ ತಗೋಬೇಡಿ. ಇದ್ರೂ ಮೊದ್ಲು ಹತ್ತಿಪ್ಪತ್ತು ಮೀನನ್ನ ಬೇರೆ ತೊಟ್ಟಿಗೆ ಬಿಟ್ಟು ಒಂದು ವಾರ ಕೊಟ್ಟು, ತಿನ್ನೋದು ಈಜೋದು ಹೇಗಿದೆ ನೋಡ್ಕೊಂಡು ಆಮೇಲೆ ಕೊಳಕ್ಕೆ ಹಾಕಿ.