ಗಾಡಿ ಮಾತು: ಹಾರ್ಲೆ ಸದ್ದು, ಆಪೂಸು ಮಾವು

ಪ್ರಶ್ನೆ: ಅಣ್ಣಾ, ಹುಬ್ಬಳ್ಳಿ ಬೈಪಾಸಿನಲ್ಲಿ ಒಂದು ಹಳೇ ಹಾರ್ಲೆ-ಡೇವಿಡ್‌ಸನ್ ಬೈಕು, ಎಲೆಕ್ಟ್ರಾ ಗ್ಲೈಡ್ ಮಾಡೆಲ್, ನಿಂತಿತ್ತು. ಇಂಜಿನ್ ನಡುನಡುವೆ ಒಂದೊಂದು ಬಡಿತ ತಪ್ಪಿಸಿದ ಹಾಗೆ ಕೇಳುತ್ತಿತ್ತು. ಟ್ಯೂನಿಂಗ್ ಕೆಟ್ಟಿತ್ತಾ?
– ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ಇಲ್ಲ ತಮ್ಮಾ, ಅದರ ಸದ್ದೇ ಹಾಗೆ. ಸಿಲಿಂಡರ್ ಎರಡು, ನಡುವೆ 45 ಡಿಗ್ರಿ. ಆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ಎರಡೂ ಕನೆಕ್ಟಿಂಗ್ ರಾಡ್ ಕೂರುವುದು ಒಂದೇ ಕ್ರ್ಯಾಂಕ್ ಪಿನ್ನಿನ ಮೇಲೆ. ಒಂದು ರಾಡಿನ ಬುಡ ಕವೆಯಂತೆ ಸೀಳಿರುತ್ತದೆ, ಇನ್ನೊಂದು ಆ ಸೀಳಿನೊಳಗೆ ಸೇರುತ್ತದೆ. ಹೀಗಾಗಿ ಒಂದು ಸಿಲಿಂಡರ್ ಉರಿದ ಮೇಲೆ ಕ್ರ್ಯಾಂಕ್ 315 ಡಿಗ್ರಿ ತಿರುಗಿದರೆ ಇನ್ನೊಂದು ಉರಿಯುತ್ತದೆ. ಮೊದಲನೆಯದರ ಸರದಿ ಮತ್ತೆ ಬರಲು 405 ಡಿಗ್ರಿ ಕಾಯಬೇಕು. ಎರಡು ಏಟು ಹತ್ತಿರ ಹತ್ತಿರ, ಆಮೇಲೆ ಬಿಡುವು. ನೀನು ಕೇಳಿದ್ದು ಆ ಬಿಡುವನ್ನೇ.

1903ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾದ ಕಂಪನಿ ಇದು. ದೊಡ್ಡ ಗಾಡಿಯನ್ನು ಒಂದೇ ಸಲಕ್ಕೆ ಬದಲಿಸದೆ ಸ್ವಲ್ಪ ಸ್ವಲ್ಪವೇ ಸುಧಾರಿಸುತ್ತಾ ಬಂದರು. 1949ರ ಮಾಡೆಲ್‌ಗೆ ಮುಂದೆ ಹೈಡ್ರಾಲಿಕ್ ಫೋರ್ಕ್ ಬಂತು, 1958ಕ್ಕೆ ಹಿಂದೆ ಶಾಕ್ ಅಬ್ಸಾರ್ಬರ್. 1965ರಲ್ಲಿ ಸೆಲ್ಫ್ ಸ್ಟಾರ್ಟ್, 12 ವೋಲ್ಟ್ ಕರೆಂಟ್. ಎಲೆಕ್ಟ್ರಾ ಗ್ಲೈಡ್ ಅನ್ನೋ ಹೆಸರೂ ಆವಾಗಲೇ ಬಂದದ್ದು. ಸುಮಾರು 1200 ಸಿಸಿ ಇಂಜಿನ್ನಿಗೆ ಕಿಕ್ ಹೊಡೆಯುವ ಕಷ್ಟ ಹೊಡೆದವರಿಗೇ ಗೊತ್ತು. ದೂರದ ಪ್ರಯಾಣದ ಗಾಡಿಗೆ ಆ ಒಂದು ಬಟನ್ ಎಷ್ಟು ದೊಡ್ಡ ಉಪಕಾರ!

1969ರಲ್ಲಿ ಕಂಪನಿ ಎಎಂಎಫ್ ಅನ್ನೋ ಇನ್ನೊಂದು ಅಮೆರಿಕನ್ ಕಂಪನಿಯ ಕೈಗೆ ಹೋಯಿತು, ಗುಣಮಟ್ಟ ಇಳಿಯಿತು. 1981ರಲ್ಲಿ ಒಳಗಿನ 13 ಜನ ಅಧಿಕಾರಿಗಳೇ ಸೇರಿ ಅದನ್ನು ವಾಪಸ್ ಕೊಂಡರು. ಈ ಕಂಪನಿಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಘಟ್ಟ ಇದು. ಆಮೇಲೆ ಬಂದ ಎವಲ್ಯೂಷನ್ ಇಂಜಿನ್ನಿನಲ್ಲಿ ಎಷ್ಟೋ ಬದಲಾಯಿತು, ಆದರೆ ಆ 45 ಡಿಗ್ರಿ, ಆ ಒಂಟಿ ಪಿನ್ ಹಾಗೇ ಉಳಿದವು. ಒಳ್ಳೆಯದೇ ಮಾಡಿದರು.

ಪ್ರಶ್ನೆ: ನಮ್ಮ ಮಾವಿಗೂ ಹಾರ್ಲೆಗೂ ಏನೋ ನಂಟು ಅಂತಾರಲ್ಲ, ನಿಜಾನಾ ಸರ್?
– ಮಾವಿನ ತೋಟದವರು, ಕೆಲಗೇರಿ, ಧಾರವಾಡ

ಉತ್ತರ: ನಿಜ ರೀ. 2007ರಲ್ಲಿ ಅಮೆರಿಕ ನಮ್ಮ ಮಾವಿಗೆ ಬಾಗಿಲು ತೆರೆಯಿತು, ಭಾರತ ಹಾರ್ಲೆ ಆಮದಿಗೆ ಒಪ್ಪಿತು. ಎರಡೂ ಒಟ್ಟಿಗೇ ಬಗೆಹರಿದವು. ಆಮದು ಸುಂಕ ಮಾತ್ರ ಭಾರಿಯಾಗೇ ಉಳಿಯಿತು.

ಪ್ರಶ್ನೆ: 1965ರ ಎಲೆಕ್ಟ್ರಾ ಗ್ಲೈಡ್ ಒಂದು ಮಾರಾಟಕ್ಕಿದೆ. ಕೊಳ್ಳಲೇ? ಫ್ರೇಮ್ ನಂಬರೂ ಸ್ಪಷ್ಟವಾಗಿದೆ.
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಸ್ವಲ್ಪ ತಡೀರಿ. 1969ರ ಮಾಡೆಲ್‌ವರೆಗೆ ಹಾರ್ಲೆಯವರು ಗಾಡಿಯ ನಂಬರನ್ನು ಫ್ರೇಮಿಗೆ ಹೊಡೆಯುತ್ತಲೇ ಇರಲಿಲ್ಲ, ಇಂಜಿನ್ನಿಗಷ್ಟೇ. ನೀವು ನೋಡಿದ ನಂಬರನ್ನು ಆಮೇಲೆ ಯಾರೋ ಹೊಡೆದಿರಬೇಕು, ಇಲ್ಲವೇ ಫ್ರೇಮೇ ಬೇರೆ ಗಾಡಿಯದು. ಇಂಜಿನ್ನಿನ ಎಡಬದಿಯ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಆಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ. ಕ್ರ್ಯಾಂಕ್‌ಕೇಸಿನ (ಕ್ರ್ಯಾಂಕ್ ಕೂರುವ ಇಂಜಿನ್ನಿನ ಕೆಳಗಿನ ಪೆಟ್ಟಿಗೆಯ) ಎರಡು ಹೋಳುಗಳ ಹೊಟ್ಟೆಯಲ್ಲಿ ಸಣ್ಣ ನಂಬರುಗಳಿರುತ್ತವೆ, ಅವು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಎರಡು ಇಂಜಿನ್ ಸೇರಿಸಿ ಒಂದು ಮಾಡಿದ್ದಾರೆ ಅಂತಲೇ ತಿಳಿಯಿರಿ. ಅದಾಗುವವರೆಗೆ ಮುಂಗಡ ಕೊಡಬೇಡಿ.