ಮಂಗ ಸತ್ತಿದೆ, ಲಸಿಕೆ ಇಲ್ಲ, ದರಕು (ಒಣ ಎಲೆ) ತರದೆ ಇರೋಕಾಗಲ್ಲ: ಮಂಗನ ಕಾಯಿಲೆ ಬಗ್ಗೆ ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ಅಡಿಕೆ ಕೊಯ್ಲು ಮುಗಿತಾ ಬಂದಂಗೆ ಮಲೆನಾಡಿನ ಕಡೆಯಿಂದ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮಂಗನ ಕಾಯಿಲೆದೇ ಆಗಿರುತ್ತೆ, ಅದಕ್ಕೆ ಈ ಸಲ ಬೇರೆ ಯಾವುದನ್ನೂ ತಗೊಂಡಿಲ್ಲ. ಸಕ್ಕರೆ ಕಾಯಿಲೆ, ಮಂಡಿನೋವು ಅಂತ ಬರೆದವರು ಒಂದು ವಾರ ತಡೀರಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟದಲ್ಲಿ ಒಂದು ಮುಸಿಯ (ಕಪ್ಪು ಮೂತಿ ಮಂಗ) ಸತ್ತು ಬಿದ್ದಿತ್ತು. ವಾಸನೆ ಬರ್ತಿದೆ ಅಂತ ನನ್ನ ಮಗ ಕೋಲಲ್ಲಿ ದೂಡಿ ಗುಂಡಿ ತೆಗೆದು ಹೂತುಬಿಟ್ಟ. ಈಗ ಊರವರೆಲ್ಲ ಹೆದರಿಸ್ತಿದ್ದಾರೆ. ಅವನಿಗೆ ಏನಾದ್ರೂ ಆಗುತ್ತಾ? (ಸಾಗರ ತಾಲ್ಲೂಕು)

ಉತ್ತರ: ಮೊದಲು ಮಗನಿಗೆ ಬೈಬೇಡಿ, ವಾಸನೆ ಬಂದ್ರೆ ಯಾರಾದ್ರೂ ಅದನ್ನೇ ಮಾಡ್ತಾರೆ. ಮಂಗನ ಕಾಯಿಲೆ ಅಂತ ಹೆಸರಿದ್ರೂ ಮಂಗಕ್ಕಿಂತ ನಾವು ಹೆಚ್ಚು ಹೆದರೋದು ಉಣುಗಿಗೆ, ಅಂದ್ರೆ ಉಣ್ಣೆ ಹುಳಕ್ಕೆ. ಕಾಡಲ್ಲಿ ಇಲಿ, ಮೂಗಿಲಿ, ಹಕ್ಕಿ, ಮಂಗ ಇವುಗಳ ರಕ್ತ ಹೀರೋ ಒಂದು ಜಾತಿ ಉಣುಗಿದೆ, ವೈರಸ್ ಇರೋದು ಅದರ ಮೈಯಲ್ಲಿ. ಮುಸಿಯಕ್ಕೂ ಕೆಂಪು ಮೂತಿ ಮಂಗಕ್ಕೂ ಈ ವೈರಸ್ ಹತ್ತಿದ್ರೆ ಅವು ನಮಗಿಂತ ಬೇಗ ಸಾಯ್ತವೆ, ಸತ್ತ ಮೇಲೆ ಮೈ ತಣ್ಣಗಾಗುತ್ತೆ, ಮೈಮೇಲಿದ್ದ ಉಣುಗೆಲ್ಲ ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರ್ಕೊಂಡು ಮುಂದಿನ ಮೈಗೆ ಕಾಯ್ತಾ ಕೂರ್ತವೆ. ಅಂದ್ರೆ ಅಪಾಯ ಇರೋದು ಹೆಣದಲ್ಲಷ್ಟೇ ಅಲ್ಲ, ಹೆಣ ಬಿದ್ದಿದ್ದ ಜಾಗದಲ್ಲೂ ಇದೆ. ಹೂತಿದ್ರಿಂದ ಆ ಜಾಗ ಸರಿಯಾಗ್ಲಿಲ್ಲ.

ಈಗ್ಲೇ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ ಎಲ್ಲಿ, ಯಾವತ್ತು ಅಂತ ಹೇಳಿ. ಹೂತಿದೀವಿ ಅಂತಾನೂ ಹೇಳಿ, ಯಾರೂ ನಿಮ್ಮನ್ನ ಹಿಡ್ಕೊಂಡು ಹೋಗಲ್ಲ. ಅವರು ಬಂದು ಮಂಗ ಬಿದ್ದಿದ್ದ ಜಾಗದ ಸುತ್ತ 50 ಅಡಿವರೆಗೆ ಮೆಲಾಥಿಯಾನ್ ಅನ್ನೋ ಕೀಟನಾಶಕ ಪುಡಿ ಹೊಡಿತಾರೆ. ಹೂಳದೆ ಇದ್ದಿದ್ರೆ ಪಶು ವೈದ್ಯರು ಮೈಗೆ ಪೂರ್ತಿ ಕವಚ ಹಾಕ್ಕೊಂಡು ಪೋಸ್ಟ್‌ಮಾರ್ಟಂ ಮಾಡಿ ಸ್ಯಾಂಪಲ್ ಕಳಿಸಿ, ಹೆಣ ಸುಟ್ಟು ಹಾಕ್ತಿದ್ರು. ಮುಂದಿನ ಸಲ ಹತ್ತಿರ ಹೋಗ್ದೆ, ದನಾನೂ ಆ ಕಡೆ ಬಿಡ್ದೆ, ಮೊದಲು ಫೋನ್ ಮಾಡಿ. ಮಗನಿಗೆ ಮಾತ್ರೆ ಏನೂ ಬೇಡ. ಉಣುಗು ಕಚ್ಚಿದ ಮೇಲೆ ಜ್ವರ ಬರೋದಾದ್ರೆ 3ರಿಂದ 8 ದಿನದೊಳಗೆ ಬರುತ್ತೆ, ನೀವು ಎರಡು ವಾರ ಗಮನಿಸ್ತಾ ಇರಿ. ಜ್ವರ ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಬಾಯಿ ಬಿಟ್ಟು "ಸತ್ತ ಮಂಗ ಮುಟ್ಟಿದ್ದ" ಅಂತ ಹೇಳಿ, ಅರ್ಧ ರೋಗಪತ್ತೆ ಆ ಒಂದು ಮಾತಲ್ಲೇ ಆಗಿಹೋಗುತ್ತೆ.

ಪ್ರಶ್ನೆ: ಕಾಡಿಗೆ ಹೋಗ್ಬೇಡಿ ಅಂತ ಮೈಕಲ್ಲಿ ಕೂಗ್ಕೊಂಡು ಹೋಗ್ತಾರೆ. ಕೊಟ್ಟಿಗೆಗೆ ದರಕು, ಒಲೆಗೆ ಸೌದೆ ಯಾರು ತಂದ್ಕೊಡ್ತಾರೆ? ನಾವು ಹೆಂಗಸರು ನಾಲ್ಕು ಜನ ಒಟ್ಟಿಗೆ ಹೋಗೋದು. ಎಣ್ಣೆ ಕೊಟ್ಟಿದಾರೆ, ಹಚ್ಚಿದ್ರೆ ಮೈ ಉರಿ, ನಾತ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಹಚ್ಚಿದ್ರೆ ಸಾಲಲ್ವಾ? (ಸಿದ್ದಾಪುರ ತಾಲ್ಲೂಕು)

ಉತ್ತರ: ಸರಿಯಾಗಿ ಕೇಳಿದ್ರಿ ಅಕ್ಕ. ಕಾಡಿಗೆ ಹೋಗ್ಬೇಡಿ ಅನ್ನೋದು ಕೂಗೋರಿಗೆ ಸುಲಭ, ಗ್ಯಾಸ್ ಸಿಲಿಂಡರ್ ಇರೋ ಮನೇಲೂ ಬಚ್ಚಲ ಒಲೆಗೆ ಸೌದೆನೇ ಬೇಕು, ದರಕು ಹಾಕ್ದೆ ಗೊಬ್ಬರ ಆಗಲ್ಲ, ಗೊಬ್ಬರ ಇಲ್ದೆ ತೋಟ ಇಲ್ಲ. ಅದಕ್ಕೆ ನಾನು ಹೋಗ್ಬೇಡಿ ಅನ್ನಲ್ಲ, ಯಾವಾಗ, ಹೇಗೆ ಹೋಗ್ಬೇಕು ಅಂತ ಹೇಳ್ತೀನಿ.

ಈ ಉಣುಗು ಮಳೆಗಾಲ ಮುಗಿದ ಮೇಲೆ ಮೊಟ್ಟೆ ಒಡೆದು ಮರಿಯಾಗುತ್ತೆ, ಆಮೇಲೆ ಎಂಟು ಕಾಲಿನ ಎಳೆ ಉಣುಗಾಗುತ್ತೆ. ಆ ಎಳೆ ಉಣುಗೇ ಮನುಷ್ಯರಿಗೆ ಹೆಚ್ಚು ಹತ್ತೋದು, ಎಳ್ಳಿನ ಕಾಳಿಗಿಂತ ಸಣ್ಣ, ಕಚ್ಚಿದ್ದೂ ಗೊತ್ತಾಗಲ್ಲ, ತುರಿಕೆ ಬಂದಾಗ ಸೊಳ್ಳೆ ಅಂದ್ಕೋತೀವಿ. ನವೆಂಬರ್, ಡಿಸೆಂಬರಲ್ಲಿ ಶುರುವಾಗಿ ಮೇವರೆಗೆ ಅದರ ಕಾಲ, ಜನವರಿಯಿಂದ ಏಪ್ರಿಲ್ ಅಂತೂ ಜೋರು. ದರಕು ಗುಡಿಸೋ ಕಾಲವೂ ಅದೇ, ಅದೇ ನಮ್ಮ ಕಷ್ಟ. ಮಂಗ ಸತ್ತ ಬೆಟ್ಟಕ್ಕೆ ಈ ವರ್ಷ ಪೂರ್ತಿ ಯಾರೂ ಹೋಗ್ಬೇಡಿ, ಇಷ್ಟು ಮಾತ್ರ ಕಟ್ಟುನಿಟ್ಟು. ಬೇರೆ ಬೆಟ್ಟ ಇದ್ರೆ ಒಪ್ಪಂದ ಮಾಡ್ಕೊಂಡು ಅಲ್ಲಿಂದ ತನ್ನಿ. ತಂದ ದರಕನ್ನ ಮನೆ ಬಾಗಿಲಿಗೆ, ಮಕ್ಕಳು ಆಡೋ ಜಾಗಕ್ಕೆ ಸುರಿಬೇಡಿ, ಉಣುಗು ದರಕಿನ ಜೊತೆ ಮನೆಗೇ ಬರುತ್ತೆ.

ಎಣ್ಣೆ ವಿಷಯಕ್ಕೆ ಬರ್ತೀನಿ. ಕೊಟ್ಟಿರೋದು ಡೆಪಾ ಎಣ್ಣೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ತಯಾರಿಸಿದ್ದು, ಸೈನಿಕರಿಗೆ ಅಂತ ಶುರುವಾಗಿದ್ದು ನಮ್ಮ ಕಡೆ ಬಂತು. ಉಣುಗನ್ನ ಓಡಿಸುತ್ತೆ, ಸಾಯಿಸಲ್ಲ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆನ ಅದರ ಬದಲಿಗೆ ನಂಬ್ಕೊಂಡು ಹೋಗೋದು ಬೇಡ. ಉರಿ ಆಗೋದು ಹೆಚ್ಚಾಗಿ ಗಾಯದ ಮೇಲೆ, ಸೊಪ್ಪು ಕೊಯ್ದು ಗೀರಿದ ಕೈಮೇಲೆ ಹಚ್ಚಿದಾಗ, ಕಣ್ಣಿಗೆ ತಾಗಿದಾಗ. ಆ ಜಾಗ ಬಿಟ್ಟು ಕಾಲು, ಕೈ, ಕುತ್ತಿಗೆಗೆ ತೆಳ್ಳಗೆ ಹಚ್ಚಿ, ಮೊದಲು ಮೊಣಕೈ ಹತ್ರ ಸ್ವಲ್ಪ ಹಚ್ಚಿ ನೋಡಿ. ಬೆವರಲ್ಲಿ ಇಳಿದು ಹೋಗುತ್ತೆ, ಮಧ್ಯಾಹ್ನವೂ ಕೆಲಸ ಇದ್ರೆ ಇನ್ನೊಂದು ಸಲ ಹಚ್ಚಲೇಬೇಕು. ಗಂಡಸರ ಹಳೇ ಪ್ಯಾಂಟು ಹಾಕ್ಕೊಂಡು ಅದರ ತುದಿ ಸಾಕ್ಸ್ ಒಳಗೆ ಸೇರ್ಸಿ, ಮೇಲೆ ಉದ್ದ ತೋಳಿನ ಅಂಗಿ, ನೋಡೋಕೆ ತಮಾಷೆ ಅನ್ಸಿದ್ರೆ ನಾಲ್ಕೂ ಜನ ಹಾಕ್ಕೊಳ್ಳಿ, ಆಗ ಯಾರೂ ನಗಲ್ಲ. ಕಾಡಲ್ಲಿ ದರಕಿನ ಮೇಲೆ ಕೂತು ಎಲೆ ಅಡಿಕೆ ಹಾಕೋದು ಬೇಡ.

ಮನೆಗೆ ಬಂದ ತಕ್ಷಣ, ಒಳಗೆ ಹೋಗೋಕೆ ಮುಂಚೆ, ಬಟ್ಟೆ ಬಿಸಿನೀರಿಗೆ ಹಾಕಿ, ನೀವು ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಮಂಡಿ ಹಿಂದೆ, ತೊಡೆ ಸಂದಿ, ಕಂಕುಳು, ಸೊಂಟದ ಪಟ್ಟಿ, ಕಿವಿ ಹಿಂದೆ, ತಲೆಗೂದಲು ನೋಡ್ಕೊಳ್ಳಿ. ಉಣುಗು ಕಚ್ಚಿ ಕೂತಿದ್ರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ನಿಧಾನಕ್ಕೆ ಎಳೀರಿ. ಸೀಮೆಎಣ್ಣೆ ಸುರಿಯೋದು, ಬೀಡಿಯಲ್ಲಿ ಸುಡೋದು, ಉಗುರಲ್ಲಿ ಚಟ್ ಅಂತ ಒತ್ತೋದು, ಈ ಮೂರೂ ಬೇಡ, ಅದರ ಹೊಟ್ಟೆಲಿರೋದು ನಿಮ್ಮ ಗಾಯಕ್ಕೇ ಬರುತ್ತೆ.

ಪ್ರಶ್ನೆ: ಮೊದಲೆಲ್ಲ ಊರಿಗೇ ಬಂದು ಲಸಿಕೆ ಕೊಡ್ತಿದ್ರು, ನಾವೂ ಹಾಕಿಸ್ಕೊಂಡಿದ್ವಿ. ಈಗ ಯಾಕೆ ಬರ್ತಿಲ್ಲ? ಹಳೇದು ಇನ್ನೂ ಕೆಲಸ ಮಾಡುತ್ತಾ? (ತೀರ್ಥಹಳ್ಳಿ)

ಉತ್ತರ: ಆ ಲಸಿಕೆ 2022ರಲ್ಲಿ ನಿಂತೋಯ್ತು. 1990ರ ಸುಮಾರಿಂದ ಕೊಡ್ತಿದ್ರು, ಕೊನೆಕೊನೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, 6ರಿಂದ 9 ತಿಂಗಳಲ್ಲಿ ಬೂಸ್ಟರು, ಆಮೇಲೆ ವರ್ಷಾ ವರ್ಷ ಹಾಕಿಸ್ಬೇಕು. ಇಷ್ಟು ಸಲ ನೋವಿನ ಸೂಜಿ ಚುಚ್ಚಿಸ್ಕೊಳ್ಳೋಕೆ ಯಾರು ಬರ್ತಾರೆ, ಎರಡನೇ ಡೋಸಿಗೇ ಅರ್ಧ ಜನ ಮಾಯ. ಶಿವಮೊಗ್ಗ ಜಿಲ್ಲೆಲಿ 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಎರಡು ಡೋಸಿಂದ ಸಿಕ್ಕ ರಕ್ಷಣೆ ಸುಮಾರು 62 ಪರ್ಸೆಂಟು, ಬೂಸ್ಟರೂ ಸೇರಿದ್ರೆ 83 ಪರ್ಸೆಂಟು. ಆಮೇಲಾಮೇಲೆ ಲಸಿಕೆಯ ಶಕ್ತಿನೇ ಪರೀಕ್ಷೆಲಿ ಪಾಸಾಗ್ಲಿಲ್ಲ. ಹೊಸದನ್ನ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಸೇರಿ ಮಾಡ್ತಿದ್ದಾರೆ. ಲಸಿಕೆ ನಿಲ್ಲಿಸೋಕೆ ಮುಂಚೆ ಅದರ ಬದಲಿ ರೆಡಿ ಇರ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಕಾಯಿಲೆ ಇದು, ಆಗ ಮಂಗ ಸಾಯೋದು ನೋಡಿ ಹಳದಿ ಜ್ವರ ಬಂತಾ ಅಂತ ದೊಡ್ಡ ದೊಡ್ಡ ವಿಜ್ಞಾನಿಗಳೇ ಗಾಬರಿಯಾಗಿ ಓಡಿ ಬಂದಿದ್ರು, ಇಷ್ಟು ವರ್ಷ ಆದ್ರೂ ನಮ್ಮ ಕೈಲಿ ಇರೋದು ಒಂದು ಎಣ್ಣೆ ಬಾಟಲಿ.

ನೀವು ವರ್ಷಗಳ ಹಿಂದೆ ಹಾಕಿಸ್ಕೊಂಡಿದ್ದನ್ನ ಲೆಕ್ಕಕ್ಕೆ ಇಟ್ಕೋಬೇಡಿ. ಎಣ್ಣೆ, ಬಟ್ಟೆ, ಸ್ನಾನ ನಿಮಗೂ ಅಷ್ಟೇ ಬೇಕು.

ಪ್ರಶ್ನೆ: ಅಮ್ಮನಿಗೆ ಜ್ವರ, ಮೈಕೈ ನೋವು ಬಂದು ಕ್ಲಿನಿಕ್ಕಲ್ಲಿ ಪ್ಲೇಟ್‌ಲೆಟ್ ಕಮ್ಮಿ ಇದೆ, ಡೆಂಗಿ ಇರ್ಬೇಕು ಅಂತ ಇಂಜೆಕ್ಷನ್ ಕೊಟ್ರು. ಜ್ವರ ಬಿಡ್ತು, ಎಂಟು ದಿನ ಚೆನ್ನಾಗೇ ಇದ್ರು. ಈಗ ಮತ್ತೆ ಜ್ವರ, ತಲೆನೋವು ತಡ್ಕೊಳ್ಳೋಕಾಗ್ತಿಲ್ಲ, ನಿನ್ನೆಯಿಂದ ಏನೇನೋ ಮಾತಾಡ್ತಾರೆ. ಮನೆ ಕಾಡಂಚಲ್ಲಿದೆ. (ಹೊಸನಗರ ತಾಲ್ಲೂಕು)

ಉತ್ತರ: ಇವರಿಗೆ ಫೋನಲ್ಲೇ ಹೇಳಿ ಆಸ್ಪತ್ರೆಗೆ ಕಳಿಸಿದೀವಿ. ಬೇರೆಯವರಿಗೂ ಬೇಕು ಅಂತ ಇಲ್ಲಿ ಬರೀತಿದೀನಿ. ಇಂಥ ಲಕ್ಷಣ ಕಂಡ್ರೆ ಉತ್ತರಕ್ಕೆ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ.

ಈ ಕಾಯಿಲೆ ಕೆಲವರಲ್ಲಿ ಎರಡು ಸಲ ಬರುತ್ತೆ. ಮೊದಲ ಸುತ್ತಲ್ಲಿ ಇದ್ದಕ್ಕಿದ್ದಂಗೆ ಚಳಿ ಜ್ವರ, ಹಣೆ ಒಡೆಯೋ ತಲೆನೋವು, ಸೊಂಟ ಮೀನಖಂಡದಲ್ಲಿ ಮುಟ್ಟೋಕಾಗ್ದಷ್ಟು ನೋವು, ಕೆಂಪು ಕಣ್ಣು, ವಾಂತಿ ಭೇದಿ, ಕೆಲವರಿಗೆ ಮೂಗಲ್ಲಿ, ವಸಡಲ್ಲಿ, ಮಲದಲ್ಲಿ ರಕ್ತ. ಹೆಚ್ಚಿನವರು ಒಂದೆರಡು ವಾರಕ್ಕೆ ಸುಧಾರಿಸ್ತಾರೆ, ಸುಸ್ತು ಮಾತ್ರ ಇನ್ನೂ ಎಷ್ಟೋ ವಾರ ಬಿಡಲ್ಲ. ಆದ್ರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ ಜ್ವರ ಬಿಟ್ಟು ಒಂದೆರಡು ವಾರ ಆದ್ಮೇಲೆ ಮತ್ತೆ ಬರುತ್ತೆ, ಆಗ ಮೆದುಳಿಗೆ ತಾಗುತ್ತೆ, ಕುತ್ತಿಗೆ ಬಿಗಿಯಾಗೋದು, ಕೈ ನಡುಗೋದು, ಕಣ್ಣು ಮಂಜಾಗೋದು, ಗೊಂದಲದ ಮಾತು. ಮನೆಯವರು "ಜ್ವರ ಬಂದು ನಿತ್ರಾಣ ಆಗಿದೆ, ಅದಕ್ಕೇ ಹಂಗೆ" ಅಂದ್ಕೊಂಡು ಎರಡು ದಿನ ಕಳೆದುಬಿಡ್ತಾರೆ. ಒಟ್ಟಾರೆ ನೂರಕ್ಕೆ ಮೂರರಿಂದ ಐದು ಜನ ಸಾಯ್ತಾರೆ, ಬೇಗ ಬಂದ್ರೆ ಎಷ್ಟೋ ಜನರನ್ನ ಉಳಿಸ್ಕೋಬಹುದು.

ಡೆಂಗಿಲೂ ಪ್ಲೇಟ್‌ಲೆಟ್ ಇಳಿಯುತ್ತೆ, ಇಲಿಜ್ವರದಲ್ಲೂ ಇಳಿಯುತ್ತೆ, ನೋಡಿ ಹೇಳೋಕಾಗಲ್ಲ, ರಕ್ತ ಪರೀಕ್ಷೆನೇ ಆಗ್ಬೇಕು. ಶುರುವಿನ ದಿನಗಳಲ್ಲಿ ವೈರಸ್ಸನ್ನೇ ಹುಡುಕೋ ಪಿಸಿಆರ್, ಆಮೇಲೆ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಹುಡುಕೋ ಐಜಿಎಂ, ಅದಕ್ಕೇ ಜ್ವರ ಎಷ್ಟನೇ ದಿನ ಅಂತ ಸರಿಯಾಗಿ ಹೇಳಿ. ಸರ್ಕಾರಿ ಆಸ್ಪತ್ರೆಲಿ ಕೊಟ್ಟ ಸ್ಯಾಂಪಲ್ ಶಿವಮೊಗ್ಗದ ವೈರಸ್ ಲ್ಯಾಬಿಗೆ ಹೋಗುತ್ತೆ. ವೈರಸ್ ಕೊಲ್ಲೋ ಮದ್ದು ಅಂತ ಇಲ್ಲ. ಡ್ರಿಪ್, ರಕ್ತಸ್ರಾವದ ಮೇಲೆ ಕಣ್ಣು, ಬೇಕಾದ್ರೆ ರಕ್ತ, ಪ್ಲೇಟ್‌ಲೆಟ್ ಕೊಡೋದು, ಇಷ್ಟೇ, ಆದ್ರೆ ಈ ಇಷ್ಟೇ ಜೀವ ಉಳಿಸುತ್ತೆ. ಒಂದು ಮಾತು ದಪ್ಪಕ್ಷರದಲ್ಲಿ ಓದ್ಕೊಳ್ಳಿ: ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್ ಇಂಜೆಕ್ಷನ್, ಬ್ರೂಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚಾಗುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಸೂಜಿ ಚುಚ್ಚಿ ಎಂದು ಡಾಕ್ಟರ್‌ಗೆ ಒತ್ತಾಯ ಮಾಡೋದನ್ನ ದಯವಿಟ್ಟು ಬಿಡಿ. ಅಮ್ಮನನ್ನ ನೋಡ್ಕೊಳ್ಳೋರಿಗೆ ಭಯ ಬೇಡ, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ತಟ್ಟೆ ಲೋಟ ಬೇರೆ ಮಾಡಿ ಮೂಲೆಲಿ ಕೂರಿಸ್ಬೇಡಿ.

ಪ್ರಶ್ನೆ: ನಮ್ಮ ಹಸುಗಳ ಮೈತುಂಬ ಉಣುಗು. ಅವಕ್ಕೂ ಮಂಗನ ಕಾಯಿಲೆ ಬರುತ್ತಾ? ಹಾಲು ಕುಡೀಬಹುದಾ? ಮತ್ತೆ ನಮ್ಮೂರಲ್ಲಿ ಕೆಲವರು ಮಂಗಗಳನ್ನೇ ಹೊಡೆದು ಓಡಿಸೋಣ ಅಂತಿದಾರೆ. (ಸೊರಬ)

ಉತ್ತರ: ಹಸು ಈ ಕಾಯಿಲೆಯಿಂದ ಮಲಗಲ್ಲ, ಹಾಲು ಕಾಯಿಸಿ ಕುಡೀರಿ, ತೊಂದರೆ ಇಲ್ಲ. ಆದ್ರೆ ದೊಡ್ಡ ಉಣುಗು ಹೊಟ್ಟೆ ತುಂಬಿಸ್ಕೊಳ್ಳೋದು ದನದ ಮೈಯಲ್ಲೇ, ಆಮೇಲೆ ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ, ಮುಂದಿನ ವರ್ಷದ ಉಣುಗು ಅಲ್ಲಿಂದಲೇ. ಪಶು ಆಸ್ಪತ್ರೆಲಿ ಉಣುಗಿನ ಔಷಧಿ ಕೇಳಿ, ಬೆನ್ನ ಮೇಲೆ ಸುರಿಯೋದೂ ಇದೆ, ಇಂಜೆಕ್ಷನ್ನೂ ಇದೆ, ಎಷ್ಟು ದಿನ ಹಾಲು ಬಳಸ್ಬಾರ್ದು ಅಂತ ಅವರನ್ನೇ ಕೇಳ್ಕೊಳ್ಳಿ. ಕೈಲಿ ಕಿತ್ತು ಬರಿಗಾಲಲ್ಲಿ ಹೊಸಕೋದು ಬೇಡ.

ಮಂಗ ಹೊಡೆಯೋ ವಿಷಯ: ವನ್ಯಜೀವಿ ಕಾಯ್ದೆ ಪ್ರಕಾರ ಕೇಸಾಗುತ್ತೆ, ಅದು ಬಿಡಿ, ಉಪಯೋಗಾನೂ ಇಲ್ಲ. ಓಡಿಸಿದ್ರೆ ಪಕ್ಕದೂರಿನ ಬೆಟ್ಟಕ್ಕೆ ಹೋಗಿ ಉಣುಗು ಅಲ್ಲಿ ಉದುರುತ್ತೆ, ಹೊಡೆದು ಹಾಕಿದ್ರೆ ನಿಮ್ಮ ಬೆಟ್ಟದಲ್ಲೇ ಉದುರುತ್ತೆ. ಮಂಗ ಸತ್ತಿದ್ದು ಕಂಡ ದಿನವೇ ನಿಮಗೆ ಗೊತ್ತಾಗೋದು ಆ ಬೆಟ್ಟದಲ್ಲಿ ವೈರಸ್ ಇರಬಹುದು ಅಂತ, ಮಂಗಗಳೇ ಇಲ್ಲದಿದ್ರೆ ಮೊದಲು ಗೊತ್ತಾಗೋದು ಯಾರಾದ್ರೂ ಮನುಷ್ಯರಿಗೆ ಜ್ವರ ಬಂದಾಗ.

ಪ್ರಶ್ನೆ: ಬೆಂಗಳೂರಲ್ಲಿದೀವಿ, ಶಿವರಾತ್ರಿಗೆ ಮಕ್ಕಳನ್ನ ಕರ್ಕೊಂಡು ಅಜ್ಜಿ ಮನೆಗೆ ಹೋಗ್ಬೇಕು, ಸಾಗರದ ಹತ್ರ. ಕ್ಯಾನ್ಸಲ್ ಮಾಡ್ಲಾ?

ಉತ್ತರ: ಹೋಗಿ ಬನ್ನಿ. ಮನೆ, ಅಂಗಳ, ಊರೊಳಗೆ ಓಡಾಡ್ಲಿ. ಬೆಟ್ಟ, ಕಾಡುದಾರಿ, ದರಕಿನ ರಾಶಿ ಬೇಡ, ಟ್ರೆಕ್ಕಿಂಗ್ ಮಳೆಗಾಲಕ್ಕೆ ಇಟ್ಕೊಳ್ಳಿ, ಆಗ ಜಿಗಣೆ ಕಾಟ ಅಷ್ಟೇ. ವಾಪಸ್ ಬಂದ ಎರಡು ವಾರದೊಳಗೆ ಯಾರಿಗಾದ್ರೂ ಜ್ವರ ಬಂದ್ರೆ ಬೆಂಗಳೂರಿನ ಡಾಕ್ಟರ್‌ಗೆ "ಮಲೆನಾಡಿಗೆ ಹೋಗಿದ್ವಿ" ಅಂತ ನೀವಾಗೇ ಹೇಳಿ, ಅವರಿಗೆ ಕೇಳ್ಬೇಕು ಅಂತ ಹೊಳೆಯಲ್ಲ.