ಕಡಲ ಸರೀಸೃಪಗಳ ಮೇಲೆ ಪೋಸ್ಟ್‌ಡಾಕ್: ಜಾಹೀರಾತಿಗೆ ಕಾಯಬೇಡಿ

ಸಂಧ್ಯಾ ಅವರೆ, ನಿಮ್ಮ ತಂಗಿಯ ವಿಷಯ ಓದಿದೆ. ತಮಿಳುನಾಡಿನ ಅರಿಯಲೂರು ಸೀಮೆಯ ಶಾರ್ಕ್ ಹಲ್ಲಿನ ಪಳೆಯುಳಿಕೆಗಳ ಮೇಲೆ ಪಿಎಚ್‌ಡಿ ಥೀಸಿಸ್ ಒಪ್ಪಿಸಿದ್ದಾಳೆ, ವೈವಾ (ಮೌಖಿಕ ಪರೀಕ್ಷೆ) ಬಾಕಿ, ಮುಂದೆ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎಂಬ ಅಳಿದುಹೋದ ಕಡಲ ಸರೀಸೃಪಗಳ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುವ ಆಸೆ, ಎಷ್ಟು ಹುಡುಕಿದರೂ ಒಂದು ಜಾಹೀರಾತೂ ಸಿಗುತ್ತಿಲ್ಲ. ಇಷ್ಟೇ ತಾನೆ?

ಸಿಗುವುದೂ ಇಲ್ಲ. ಈ ಕ್ಷೇತ್ರದಲ್ಲಿ ಕೆಲಸ ಖಾಲಿ ಇದೆ ಎಂದು ಬೋರ್ಡು ಹಾಕುವುದು ತೀರಾ ಅಪರೂಪ. ಬಹುತೇಕ ಪೋಸ್ಟ್‌ಡಾಕ್‌ಗಳು ಹುಟ್ಟುವುದು ಅಭ್ಯರ್ಥಿಯೇ ಒಂದು ಪ್ರಶ್ನೆ ಹಿಡಿದು, ಅದಕ್ಕೆ ತಕ್ಕ ಗುರುವನ್ನು ಹುಡುಕಿ, ಇಬ್ಬರೂ ಸೇರಿ ಫೆಲೋಶಿಪ್ಪಿಗೆ ಅರ್ಜಿ ಬರೆದಾಗ. ಅವಳು ಹುಡುಕಬೇಕಾದ್ದು ಕೆಲಸವನ್ನಲ್ಲ, ಪ್ರಶ್ನೆಯನ್ನು. ನಾನು ಈ ಪ್ರಾಣಿಗಳವನಲ್ಲ, ಕಡಲ ಕೆಸರಿನ ಸೂಕ್ಷ್ಮಜೀವಿಗಳ ಚಿಪ್ಪು ಎಣಿಸುವವನು. ಆದರೆ ಜರ್ಮನಿಯಲ್ಲಿದ್ದಾಗ ಪಕ್ಕದ ಕೋಣೆಯವರದೆಲ್ಲ ಇದೇ ಕೆಲಸ, ಅವರ ಅರ್ಜಿಗಳನ್ನು ಓದಿ ತಿದ್ದಿಕೊಟ್ಟಿದ್ದೇನೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಮೇಲಿನ ಕಮೆಂಟುಗಳಿಗೆ ಎರಡು ಮಾತು. ಇವನ್ನು ಡೈನೋಸಾರ್ ಎಂದವರಿಗೆ: ಇಕ್ತಿಯೋಸಾರ್, ಪ್ಲೀಸಿಯೋಸಾರ್‌ಗಳು ಡೈನೋಸಾರ್‌ಗಳಲ್ಲ, ನೆಲದಿಂದ ಮರಳಿ ಕಡಲಿಗೆ ಇಳಿದ ಬೇರೆ ಬೇರೆ ಸರೀಸೃಪ ಕುಲಗಳು. ಕಾರವಾರದ ಕಡೆ ಹುಡುಕಬಹುದಲ್ಲ ಎಂದವರಿಗೆ: ನಮ್ಮ ರಾಜ್ಯದ ಕಲ್ಲು ಒಂದೋ ಇವುಗಳಿಗಿಂತ ಬಹಳ ಹಳೆಯದು (ಧಾರವಾಡ ಶಿಲೆ, ಕಲಾದಗಿ, ಭೀಮಾ ತೀರದ ಸುಣ್ಣಕಲ್ಲು), ಇಲ್ಲವೇ ಲಾವಾ ಹರಿದು ಆರಿದ ದಖನ್ನಿನ ಕಪ್ಪುಕಲ್ಲು. ಆ ಕಾಲದ ಕಡಲತಳ ನೋಡಬೇಕೆಂದರೆ ನಮಗೆ ಹತ್ತಿರದ್ದು ಅರಿಯಲೂರು, ದೂರದ್ದು ಕಚ್ಛ್. ಕಚ್ಛ್‌ನ ಲೋಡಾಯಿ ಹಳ್ಳಿಯ ಬಳಿ ಸಿಕ್ಕ ಸುಮಾರು 5.5 ಮೀಟರಿನ ಇಕ್ತಿಯೋಸಾರ್ ಬಗ್ಗೆ ದೆಹಲಿ ವಿಶ್ವವಿದ್ಯಾಲಯದ ಜಿ.ವಿ.ಆರ್. ಪ್ರಸಾದ್ ಮತ್ತು ಅವರ ತಂಡ 2017ರಲ್ಲಿ ಪ್ರಕಟಿಸಿತು. ಭಾರತದ ಜುರಾಸಿಕ್ ಪದರಗಳಿಂದ ಬಂದ ಮೊದಲ ಇಕ್ತಿಯೋಸಾರ್ ಅದು. ಜರ್ಮನಿಯ ಸಂಶೋಧಕರೂ ಆ ಲೇಖನದಲ್ಲಿದ್ದರು ಎಂಬುದನ್ನು ನಿಮ್ಮ ತಂಗಿ ಗಮನಿಸಲಿ. ದಾರಿ ಈಗಾಗಲೇ ಸವೆದಿದೆ.

ಈಗ ಅವಳ ಕೈಯಲ್ಲಿರುವ ಸರಕು. ಅರಿಯಲೂರು ಸೀಮೆಯ ಕರೈ ಹಳ್ಳಿಯ ಸುತ್ತಿನ ಆ ಕೊರಕಲು ನೆಲ, ಜಿಪ್ಸಂ ಗೆರೆಗಳು ಬಿಸಿಲಿಗೆ ಹೊಳೆಯುವ ಜೇಡಿಪದರ, ಕಾಲಿಗೆ ಸಿಗುವ ಬೆಲೆಮ್ನೈಟ್ (ಸ್ಕ್ವಿಡ್‌ನಂಥ ಪ್ರಾಣಿಯ ಪಳೆಯುಳಿಕೆ) ಕಡ್ಡಿಗಳು ಅವಳಿಗೆ ಗೊತ್ತಿರುವಷ್ಟು ಯುರೋಪಿನಲ್ಲಿ ಕೂತವರಿಗೆ ಗೊತ್ತಿಲ್ಲ. ಮಣ್ಣು ನೆನೆಸಿ, ಜರಡಿ ಹಿಡಿದು, ಶಾರ್ಕ್ ಹಲ್ಲು ಆರಿಸಿಕೊಂಡು ಉಳಿದದ್ದನ್ನು ಡಬ್ಬಿಯಲ್ಲಿ ಹಾಕಿಟ್ಟಿರುತ್ತಾಳಲ್ಲ, ಆ ಡಬ್ಬಿಗಳನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದ ಕೆಳಗೆ ಸುರಿಯಲಿ. ಶಂಕುವಿನಂತೆ ದುಂಡಗೆ, ಎನಾಮೆಲ್ ಮೇಲೆ ಉದ್ದುದ್ದ ಗೀರು, ಬೇರಿನ ಭಾಗದಲ್ಲಿ ದಂತದ್ರವ್ಯ ಒಳಮಡಿಕೆ ಬಿದ್ದಿರುವ ಹಲ್ಲುಗಳಿದ್ದರೆ ಅವು ಶಾರ್ಕ್‌ನವಲ್ಲ. ಈ ಪದರದಲ್ಲಿ ಶಾರ್ಕ್ ಹಲ್ಲುಗಳ ಜೊತೆಗೇ ಇಕ್ತಿಯೋಸಾರ್ ಹಲ್ಲುಗಳೂ ವರದಿಯಾಗಿವೆ. ಇನ್ನೂ ಹಿಂದೆ, 1879ರಲ್ಲೇ, ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಲಿಡೆಕ್ಕರ್ ತಿರುಚಿನಾಪಳ್ಳಿ ಸೀಮೆಯ (ಅರಿಯಲೂರು ಆಗ ಅದರಲ್ಲೇ ಇತ್ತು) ಬೆನ್ನುಮಣಿಗಳನ್ನು ನೋಡಿ ಇಕ್ತಿಯೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟಿದ್ದ. ಬರೀ ಬೆನ್ನುಮಣಿಗಳ ಮೇಲೆ ಜಾತಿ ನಿಲ್ಲದು, ಹಾಗಾಗಿ ಆ ಹೆಸರನ್ನು ಇಂದು ಯಾರೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಅಂದರೆ ಕೆಲಸ ಅರ್ಧಕ್ಕೇ ನಿಂತಿದೆ.

ಇದಕ್ಕೆ ಪ್ರಶ್ನೆ ಕಟ್ಟುವುದು ಕಷ್ಟವಲ್ಲ. ಇಕ್ತಿಯೋಸಾರ್‌ಗಳು ಡೈನೋಸಾರ್‌ಗಳ ಜೊತೆ ಅಳಿಯಲಿಲ್ಲ, ಅದಕ್ಕೂ ಬಹಳ ಮೊದಲೇ, ಸುಮಾರು 9.4 ಕೋಟಿ ವರ್ಷಗಳ ಹಿಂದೆ ಮುಗಿದುಹೋದವು. ಹವಾಮಾನ ಏರುಪೇರಾದ ಕಾಲದಲ್ಲಿ ಅವು ಎರಡು ಹಂತಗಳಲ್ಲಿ ಅಳಿದವು ಎಂದು ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದ ವ್ಯಾಲೆಂಟಿನ್ ಫಿಶರ್ ಮತ್ತು ಸಂಗಡಿಗರು 2016ರಲ್ಲಿ ವಾದಿಸಿದರು. ಆ ವಾದಕ್ಕೆ ಹೆಚ್ಚಿನ ಆಧಾರ ಯುರೋಪಿನದು. ಕರೈ ಪದರ ಸರಿಯಾಗಿ ಅದೇ ಕಾಲವನ್ನು ಹಾದುಹೋಗುತ್ತದೆ, ಅದೂ ಆಗ ದಕ್ಷಿಣಾರ್ಧಗೋಳದಲ್ಲಿದ್ದ ಕಡಲಿನಲ್ಲಿ. ದಕ್ಷಿಣದಲ್ಲೂ ಅವು ಹಾಗೆಯೇ ಅಳಿದವೇ, ಅಳಿದ ಮೇಲೆ ಅವುಗಳ ಜಾಗಕ್ಕೆ ಶಾರ್ಕ್‌ಗಳು ಬಂದವೇ? ಎರಡನೆಯ ಪ್ರಶ್ನೆ ಕೇಳಲು ಶಾರ್ಕ್ ಹಲ್ಲು ಓದಿದವಳಿಗಿಂತ ತಕ್ಕವರು ಯಾರು? ಕ್ಷೇತ್ರ ಬದಲಿಸುತ್ತಿದ್ದೇನೆ ಎಂದು ಅವಳು ಹಿಂಜರಿಯುವುದು ಬೇಡ. ಅದೇ ಅವಳ ಬಂಡವಾಳ.

ಗುರು ಯಾರಾಗಬೇಕು ಎಂಬುದು ಪ್ರಶ್ನೆಯ ಜಾಡು ಹಿಡಿದೇ ತೀರ್ಮಾನವಾಗುತ್ತದೆ. ವಿಕಾಸ, ಅಳಿವು ಎಂದರೆ ಲೀಜ್. ಮೂಳೆ ಕೊಯ್ದು ತೆಳುಪದರ ನೋಡಿ ಬೆಳವಣಿಗೆ ಓದುವುದಾದರೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯ. ಅಲ್ಲಿನ ಮಾರ್ಟಿನ್ ಸ್ಯಾಂಡರ್ ತಂಡವೇ ನೆವಾಡಾದ ಬೆಟ್ಟದಿಂದ ಸುಮಾರು 2 ಮೀಟರ್ ತಲೆಬುರುಡೆಯ ಸಿಂಬೋಸ್ಪಾಂಡಿಲಸ್ ಯಂಗೋರಮ್ ಎಂಬ ಇಕ್ತಿಯೋಸಾರನ್ನು 2021ರಲ್ಲಿ ವಿವರಿಸಿದ್ದು. ಚರ್ಮ, ಕೊಬ್ಬು ಉಳಿದಿರುವಂಥ ಮಾದರಿಗಳ ರಸಾಯನವಾದರೆ ಸ್ವೀಡನ್ನಿನ ಲುಂಡ್. ಜರ್ಮನಿಯ ಹೋಲ್ಟ್ಸ್‌ಮಾಡೆನ್ ಕಲ್ಲುಹಾಸಿನ ಇಕ್ತಿಯೋಸಾರ್‌ಗಳ ದೊಡ್ಡ ಸಂಗ್ರಹಕ್ಕೆ ಸ್ಟುಟ್‌ಗಾರ್ಟ್ ಮ್ಯೂಸಿಯಂ, ಜುರಾಸಿಕ್‌ಗೂ ಹಿಂದಿನ ಟ್ರಯಾಸಿಕ್ ಕಾಲಕ್ಕೆ ಜ್ಯೂರಿಕ್, ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಮಾದರಿಗಳಿಗೆ ಓಸ್ಲೋ. ದವಡೆಯ ಬಲ, ಕಚ್ಚುವ ರೀತಿಯ ಲೆಕ್ಕಾಚಾರಕ್ಕೆ ಬ್ರಿಸ್ಟಲ್. ಕೆನಡಾದ ರಾಯಲ್ ಟೈರೆಲ್ ಮ್ಯೂಸಿಯಂ ಮರೆಯಬಾರದು. ಬ್ರಿಟಿಷ್ ಕೊಲಂಬಿಯಾದ ನದೀದಂಡೆಯಿಂದ ಸುಮಾರು 21 ಮೀಟರಿನ ಇಕ್ತಿಯೋಸಾರ್ ತೆಗೆದ ಎಲಿಜಬೆತ್ ನಿಕೋಲ್ಸ್ ಅಲ್ಲಿದ್ದವರು, ಅವರ ಹೆಸರಿನಲ್ಲಿ ಈ ಪ್ರಾಣಿಗಳಿಗೆಂದೇ ಪೋಸ್ಟ್‌ಡಾಕ್ ಫೆಲೋಶಿಪ್ ಕೊಟ್ಟದ್ದುಂಟು. ಅಂಥದ್ದು ತೆರೆದಾಗ ಕೈಬಿಡಬಾರದು, ಆದರೆ ಅದನ್ನೇ ನಂಬಿ ಕೂರಲೂ ಆಗದು.

ಮೇಲ್ ಬರೆಯುವುದರಲ್ಲೇ ನಮ್ಮ ಹುಡುಗರು ಹೆಚ್ಚು ಎಡವುವುದು. "ನಿಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಅವಕಾಶ ದಯಪಾಲಿಸಬೇಕು, ನಾನು ಶ್ರಮಜೀವಿ" ಎಂಬ ಮೇಲ್‌ಗೆ ಉತ್ತರ ಬರುವುದಿಲ್ಲ. ಮೊದಲ ಸಾಲಿನಲ್ಲೇ ಹೇಳಲಿ: ಕರೈಯ ಇಂಥ ಪದರದಿಂದ ಇಷ್ಟು ಹಲ್ಲುಗಳಿವೆ, ಇಂಥ ಸಂಸ್ಥೆಯಲ್ಲಿ ಇಂಥ ನೋಂದಣಿ ಸಂಖ್ಯೆಯಡಿ ಇವೆ. ಎರಡನೆಯ ಸಾಲು ಪ್ರಶ್ನೆ. ಮೂರನೆಯದು ಯಾವ ಫೆಲೋಶಿಪ್ಪಿಗೆ, ಯಾವ ಗಡುವಿಗೆ ಒಟ್ಟಿಗೆ ಅರ್ಜಿ ಹಾಕೋಣ ಎಂಬುದು. ಜೊತೆಗೆ ಒಂದು ಒಳ್ಳೆಯ ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಸಿವಿ ಎರಡು ಪುಟ ದಾಟದಿರಲಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸುವುದರಲ್ಲಿ ತಪ್ಪಿಲ್ಲ, ಬೇಸಿಗೆಯಲ್ಲಿ ಅರ್ಧಕ್ಕರ್ಧ ಜನ ಕ್ಷೇತ್ರಕಾರ್ಯದಲ್ಲಿರುತ್ತಾರೆ.

ನೋಂದಣಿ ಸಂಖ್ಯೆ ಎಂದೆನಲ್ಲ, ಅದು ಬರೀ ಶಿಷ್ಟಾಚಾರವಲ್ಲ. ಮಾದರಿ ಸಾರ್ವಜನಿಕ ಸಂಗ್ರಹದಲ್ಲಿ ಇಲ್ಲದಿದ್ದರೆ ಒಳ್ಳೆಯ ಪತ್ರಿಕೆಗಳು ಲೇಖನ ಮುಟ್ಟುವುದಿಲ್ಲ. ಯಾರದೋ ಮನೆಯ ಶೋಕೇಸಿನಲ್ಲಿರುವ ಮೂಳೆ ಎಷ್ಟೇ ಚೆನ್ನಾಗಿರಲಿ, ಅದರ ಮೇಲೆ ಯೋಜನೆ ಕಟ್ಟಬಾರದು. ಮೊರಾಕ್ಕೋದ ಫಾಸ್ಫೇಟ್ ಗಣಿಗಳ ಮೊಸಾಸಾರ್‌ಗಳು (ಇನ್ನೊಂದು ಕಡಲ ಸರೀಸೃಪ ಕುಲ) ಅಂಗಡಿಗಳಲ್ಲಿ ಧಾರಾಳ ಸಿಗುತ್ತವೆ, ಆದರೆ ಎರಡು ಮೂರು ಪ್ರಾಣಿಗಳ ಮೂಳೆ, ಹಲ್ಲು ಅಂಟಿಸಿ ಒಂದು ಮಾಡಿದವೂ ಅವುಗಳಲ್ಲಿ ಬೇಕಾದಷ್ಟಿವೆ. ನಮ್ಮ ಗುಂಪಿನಲ್ಲಿ ಕೊಂಡು ಇಟ್ಟುಕೊಂಡವರಿದ್ದೀರಿ, ಬೇಸರ ಬೇಡ, ಹವ್ಯಾಸ ಬೇರೆ, ಪ್ರಬಂಧ ಬೇರೆ.

ದುಡ್ಡಿನ ದಾರಿಗಳು. ಯುರೋಪಿನಲ್ಲಿ ಮೇರಿ ಕ್ಯೂರಿ ಫೆಲೋಶಿಪ್ ದೊಡ್ಡದು. ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್, ಫಲಿತಾಂಶ ಮುಂದಿನ ಫೆಬ್ರವರಿಯ ಹೊತ್ತಿಗೆ. ಗಡುವಿಗೆ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು, ಹೋಗಬಯಸುವ ದೇಶದಲ್ಲಿ ಇದ್ದಿರಬಾರದು ಎಂಬುದು ಮುಖ್ಯ ನಿಯಮ, ಅವಳಿಗೆ ತೊಡಕಲ್ಲ. ಇದುವರೆಗಿನ ನಿಯಮದಂತೆ ಗಡುವಿನೊಳಗೆ ವೈವಾ ಯಶಸ್ವಿಯಾಗಿ ಮುಗಿದಿದ್ದರೆ ಸಾಕು, ಘಟಿಕೋತ್ಸವ ಆಗಿರಬೇಕಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ವೇಗ ಬಲ್ಲವರಿಗೆ ಇದೆಷ್ಟು ದೊಡ್ಡ ಮಾತು ಎಂದು ಗೊತ್ತು. ಆದರೂ ಆ ವರ್ಷದ ಮಾರ್ಗದರ್ಶಿಯನ್ನು ಸಾಲುಸಾಲಾಗಿ ಓದಲಿ. ಪೈಪೋಟಿ ಈಚೆಗೆ ವಿಪರೀತ, ಇದೊಂದನ್ನೇ ನಂಬಬೇಡಿ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್ಪಿಗೆ ವರ್ಷದ ಯಾವ ದಿನವಾದರೂ ಅರ್ಜಿ ಹಾಕಬಹುದು, ಪಿಎಚ್‌ಡಿ ಆಗಿ 4 ವರ್ಷದೊಳಗೆ. ಅಲ್ಲಿ ಮೊದಲ ಲೇಖಕಿಯಾಗಿ ಬರೆದ ಒಳ್ಳೆಯ ಲೇಖನಗಳೇ ತೂಕ. ಥೀಸಿಸ್‌ನ ಅಧ್ಯಾಯಗಳು ಪ್ರಕಟವಾಗದೇ ಉಳಿದಿದ್ದರೆ ಮೊದಲು ಅವನ್ನು ಪ್ರಕಟಿಸಲಿ. ಬ್ರಿಟನ್ನಿಗೆ ರಾಯಲ್ ಸೊಸೈಟಿಯ ನ್ಯೂಟನ್ ಫೆಲೋಶಿಪ್, ಜಪಾನಿಗೆ ಅಲ್ಲಿನ ವಿಜ್ಞಾನ ಪ್ರೋತ್ಸಾಹ ಸಂಸ್ಥೆ ಜೆಎಸ್‌ಪಿಎಸ್ ಕೊಡುವ ಫೆಲೋಶಿಪ್. ಮಂಜುನಾಥ್ ಅವರು ಮೇಲಿನ ಕಮೆಂಟಿನಲ್ಲಿ ಸೂಚಿಸಿದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಭೂವಿಜ್ಞಾನ ಪೋಸ್ಟ್‌ಡಾಕ್ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಅದರ ಹಿಂದೆ ಸಮಯ ಕಳೆಯುವುದು ಬೇಡ.

ಇವೆಲ್ಲ ಕೈಗೂಡುವ ತನಕ ಸುಮ್ಮನೆ ಕೂರುವುದಕ್ಕಿಂತ ಇಲ್ಲೇ ಕೇಂದ್ರ ಸರ್ಕಾರದ ಸಂಶೋಧನಾ ನಿಧಿಸಂಸ್ಥೆ ಎಎನ್‌ಆರ್‌ಎಫ್‌ನ ರಾಷ್ಟ್ರೀಯ ಪೋಸ್ಟ್‌ಡಾಕ್‌ಗೆ ಹಾಕಲಿ. ವಯೋಮಿತಿ 35 ವರ್ಷ, ಮಹಿಳೆಯರಿಗೆ ಸಡಿಲಿಕೆ ಇದೆ. ಭಾರತದಲ್ಲಿದ್ದರೆ ಹಿಂದೆ ಬಿದ್ದಂತೆ ಎಂದುಕೊಳ್ಳಬೇಡಿ. ಕಚ್ಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಿಂದ 2005ರ ಸುಮಾರಿಗೆ ತಂದಿಟ್ಟಿದ್ದ 27 ಬೆನ್ನುಮಣಿಗಳನ್ನು ಐಐಟಿ ರೂರ್ಕಿಯಲ್ಲಿ ಪೋಸ್ಟ್‌ಡಾಕ್ ಆಗಿದ್ದ ದೇಬಜಿತ್ ದತ್ತ, ಸುನಿಲ್ ಬಾಜಪೇಯಿ ಅವರೊಂದಿಗೆ ಓದಿ 2024ರಲ್ಲಿ ಹೆಸರಿಟ್ಟದ್ದೇ ವಾಸುಕಿ ಇಂಡಿಕಸ್, 11ರಿಂದ 15 ಮೀಟರ್ ಉದ್ದದ ಹಾವು. ಮಾದರಿ ಕಪಾಟಿನಲ್ಲೇ ಇತ್ತು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ (ಐಎಸ್‌ಐ) ಭೂವಿಜ್ಞಾನ ಘಟಕ, ಇವೆರಡನ್ನೂ ವಿಚಾರಿಸಲಿ.

ನಡುವೆ ಸಮಯ ಸಿಕ್ಕರೆ ಸಿಟಿ ಸ್ಕ್ಯಾನ್ ಚಿತ್ರಗಳಿಂದ ಮೂಳೆಯನ್ನು ಬಿಡಿಸಿ ತೆಗೆಯುವುದು, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಂಶವೃಕ್ಷದ ಲೆಕ್ಕ ಹಾಕುವುದು, ಇವೆರಡನ್ನು ಕಲಿಯಲಿ. ಮಾರ್ಫೋಸೋರ್ಸ್ ಜಾಲತಾಣದಲ್ಲಿ ಅಭ್ಯಾಸಕ್ಕೆ ಸ್ಕ್ಯಾನ್‌ಗಳು ಸಿಗುತ್ತವೆ. ಕಾಯಂ ಹುದ್ದೆ ಈ ಕ್ಷೇತ್ರದಲ್ಲಿ ಬೆರಳೆಣಿಕೆಯಷ್ಟು, ಮನೆಯವರಿಗೆ ಅದನ್ನು ಈಗಲೇ ಹೇಳಿಬಿಡಿ. ಅಂಗರಚನೆ ಚೆನ್ನಾಗಿ ಬಲ್ಲವರನ್ನು ಅಮೆರಿಕದ ವೈದ್ಯಕೀಯ ಕಾಲೇಜುಗಳು ಪಾಠಕ್ಕೆ ಕರೆಯುವುದುಂಟು, ಹಲವು ಪ್ರಾಗ್ಜೀವ ವಿಜ್ಞಾನಿಗಳು ಹಾಗೇ ನೆಲೆಯಾಗಿದ್ದಾರೆ.

ಡಬ್ಬಿಯಲ್ಲಿ ಏನಾದರೂ ಸಿಕ್ಕರೆ ಹಲ್ಲಿನ ಫೋಟೋ ಇಲ್ಲಿ ಹಾಕಬೇಡಿ, ಪ್ರಕಟವಾಗುವ ತನಕ ಗುಟ್ಟಾಗಿರಲಿ. ಅರ್ಜಿಯ ಕರಡನ್ನು ನನ್ನ ಇನ್‌ಬಾಕ್ಸ್‌ಗೆ ಕಳಿಸಲು ಹೇಳಿ, ಆಗಸ್ಟ್ ಮೊದಲ ವಾರದೊಳಗೆ ಬಂದರೆ ನಿಧಾನವಾಗಿ ಓದಿ ಗುರುತು ಹಾಕಿ ಕೊಡುತ್ತೇನೆ.